ಆಫೀಸ್ ಫೈಲುಗಳು ಮನೆಯಿಂದಲೂ ಸಿಗಬೇಕೆ? ಮೊದಲು ತೆರೆದಿಟ್ಟ ಪೋರ್ಟ್ ಮುಚ್ಚಿ

ಆಫೀಸ್ ಸರ್ವರಿನ ಫೈಲುಗಳು ಮನೆಯಲ್ಲಿ ಕೂತು ಕೆಲಸ ಮಾಡುವವರಿಗೂ ಸಿಗಬೇಕು ಎಂದು ಮೇಲಿನವರು ಹೇಳಿದ ಕೂಡಲೇ ಸಣ್ಣ ಆಫೀಸುಗಳಲ್ಲಿ ಆಗುವುದು ಒಂದೇ: ಯಾರೋ ಒಬ್ಬರು ರೂಟರಿನ ಪುಟ ತೆರೆದು ಪೋರ್ಟ್ ಫಾರ್ವರ್ಡಿಂಗ್ ಹಾಕುತ್ತಾರೆ, ಅಂದರೆ ಹೊರಗಿನವರು ನೇರ ಒಳಗಿನ ಸರ್ವರಿಗೆ ಬರುವಂತೆ ನಂಬರಿನ ಒಂದು ಬಾಗಿಲು (ಪೋರ್ಟ್) ತೆರೆಯುತ್ತಾರೆ. ಹತ್ತು ನಿಮಿಷದ ಕೆಲಸ. ಫೈಲ್ ತೆರೆಯುತ್ತದೆ, ಎಲ್ಲರಿಗೂ ಖುಷಿ, ಆಮೇಲೆ ಆ ಪೋರ್ಟಿನ ನೆನಪು ಯಾರಿಗೂ ಇರುವುದಿಲ್ಲ. ಇತ್ತ ಇಂಟರ್ನೆಟ್ಟಿನ ಐಪಿ ವಿಳಾಸಗಳನ್ನೆಲ್ಲ ಸಾಲಾಗಿ ತಟ್ಟಿ ನೋಡುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. ನಿಮ್ಮ ಆಫೀಸ್ ಚಿಕ್ಕದು, ಯಾರಿಗೂ ಬೇಡದ್ದು ಎಂಬುದು ಆ ಪ್ರೋಗ್ರಾಂಗೆ ತಿಳಿಯುವುದಿಲ್ಲ.

ವಿಂಡೋಸ್ ಫೈಲ್ ಹಂಚಿಕೆ ನಡೆಯುವುದು ಎಸ್‌ಎಂಬಿ ಪ್ರೊಟೊಕಾಲಿನಲ್ಲಿ, ಅದರ ಪೋರ್ಟ್ 445. ಇದನ್ನು ಹೊರಗೆ ತೆರೆದಿಡುವಂತಿಲ್ಲ, ಈ ಮಾತಿನಲ್ಲಿ ಚೌಕಾಸಿ ಇಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ) ಜಗತ್ತಿನ ತುಂಬ ಹರಡಿದ್ದು ಇದೇ ಪೋರ್ಟಿನ ಮೂಲಕ, ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನು ಹಿಡಿದು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಪ್ಯಾಚ್ ಕೊಟ್ಟಿತ್ತು. ಎರಡು ತಿಂಗಳು ಪ್ಯಾಚ್ ಹಾಕದೆ ಕೂತವರು ಸಿಕ್ಕಿಬಿದ್ದರು.

ಎರಡನೆಯ ಅಡ್ಡದಾರಿ ರಿಮೋಟ್ ಡೆಸ್ಕ್‌ಟಾಪ್ (ಆಫೀಸಿನ ಕಂಪ್ಯೂಟರನ್ನು ದೂರದಿಂದಲೇ ಪರದೆಯಲ್ಲಿ ನೋಡಿ ನಡೆಸುವುದು), ಪೋರ್ಟ್ 3389. ಪೋರ್ಟ್ ನಂಬರನ್ನು 33890 ಎಂದು ಬದಲಿಸಿ ನಿಶ್ಚಿಂತರಾಗುವವರಿದ್ದಾರೆ. ಹುಡುಕುವವರು ಎಲ್ಲ 65,535 ಪೋರ್ಟುಗಳನ್ನೂ ಹುಡುಕುತ್ತಾರೆ, ಅದರಿಂದ ಸಿಗುವುದು ನಾಲ್ಕು ದಿನದ ನೆಮ್ಮದಿ ಅಷ್ಟೇ. ಅದೂ ಅಲ್ಲದೆ 2019ರ ಮೇನಲ್ಲಿ ಹೊರಬಂದ ಬ್ಲೂಕೀಪ್ ದೋಷಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ಹಳೆಯ ವಿಂಡೋಸಿನಲ್ಲಿ ಪೋರ್ಟ್ ತೆರೆದಿದ್ದರೆ ಸಾಕಿತ್ತು.

ಮೂರನೆಯದು ನ್ಯಾಸ್ ಪೆಟ್ಟಿಗೆಯ (ಎಲ್ಲರ ಫೈಲುಗಳನ್ನು ಇಡಲು ನೆಟ್‌ವರ್ಕಿಗೆ ಜೋಡಿಸಿದ ಸಾಧನ) ಆಡಳಿತ ಪುಟವನ್ನು ನೇರ ಹೊರಗಿಡುವುದು. ಕ್ಯೂನ್ಯಾಪ್ ನ್ಯಾಸ್‌ಗಳನ್ನು 2021ರ ಏಪ್ರಿಲಿನಲ್ಲಿ ಕ್ಯೂಲಾಕರ್, 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರುಗಳು ಹೊಕ್ಕಿದ್ದು ಹೀಗೆ ಇಂಟರ್ನೆಟ್ಟಿಗೆ ಮುಖ ಮಾಡಿ ಕೂತಿದ್ದ ಪೆಟ್ಟಿಗೆಗಳ ಮೂಲಕ. ಇಲ್ಲೊಂದು ಗುಟ್ಟಿದೆ. ಎಷ್ಟೋ ಕಡೆ ಪೋರ್ಟನ್ನು ಮನುಷ್ಯರು ತೆರೆದೇ ಇರುವುದಿಲ್ಲ. ರೂಟರಿನಲ್ಲಿ ಯುಪಿಎನ್‌ಪಿ ಚಾಲೂ ಇದ್ದರೆ ನ್ಯಾಸ್ ತಾನೇ ರೂಟರಿಗೆ ಹೇಳಿ ಪೋರ್ಟ್ ತೆರೆಸಿಕೊಳ್ಳುತ್ತದೆ. ಮೊದಲ ಕೆಲಸ ಯುಪಿಎನ್‌ಪಿ ಆಫ್ ಮಾಡುವುದು. ಎರಡನೆಯದು, ಫಾರ್ವರ್ಡಿಂಗ್ ಪಟ್ಟಿಯಲ್ಲಿ ಏನೇನಿದೆ ಎಂದು ನೋಡಿ ಕಾರಣ ಗೊತ್ತಿಲ್ಲದ್ದನ್ನೆಲ್ಲ ಅಳಿಸುವುದು. ಯಾರಾದರೂ ಕೂಗಿದರೆ ಕಾರಣವೂ ಆಗ ಗೊತ್ತಾಗುತ್ತದೆ.

ಇದೆಲ್ಲದರ ಬದಲು ಬೇಕಾದದ್ದು ವಿಪಿಎನ್. ಸಿಬ್ಬಂದಿಯ ಲ್ಯಾಪ್‌ಟಾಪಿನಿಂದ ಆಫೀಸ್ ನೆಟ್‌ವರ್ಕಿನವರೆಗೆ ಎನ್‌ಕ್ರಿಪ್ಟ್ ಆದ ಒಂದು ಟನೆಲ್, ಹೊರಗೆ ಕಾಣುವುದು ಒಂದೇ ಒಂದು ಪೋರ್ಟ್.

ಯಾವ ವಿಪಿಎನ್

ಪಿಪಿಟಿಪಿ ಬೇಡ. ಹಳೆಯ ರೂಟರುಗಳಲ್ಲಿ ಇನ್ನೂ ಆ ಆಯ್ಕೆ ಕಾಣುತ್ತದೆ, ಹಾಕುವುದು ಸುಲಭ ಕೂಡ. ಆದರೆ ಅದರ ಲಾಗಿನ್ ವಿಧಾನವನ್ನು 2012ರಲ್ಲೇ ಪೂರ್ತಿ ಮುರಿದು ತೋರಿಸಿದ್ದಾರೆ. ಓಪನ್‌ವಿಪಿಎನ್ ಚೆನ್ನಾಗಿದೆ, ಯುಡಿಪಿ 1194ರಲ್ಲಿ ನಡೆಯುತ್ತದೆ, ಪಾಸ್‌ವರ್ಡಿನ ಜೊತೆ ಆರಂಕಿಯ ಕೋಡ್ ಕೇಳುವಂತೆಯೂ ಮಾಡಬಹುದು. ಅದನ್ನು ಟಿಸಿಪಿಯಲ್ಲಿ ಓಡಿಸಬೇಡಿ. ಟಿಸಿಪಿ ಅಂದರೆ ತಲುಪದ ಪ್ಯಾಕೆಟ್ಟನ್ನು (ಡೇಟಾದ ತುಂಡನ್ನು) ತಾನೇ ಮತ್ತೆ ಕಳಿಸುವ ಸಾಗಣೆ ವಿಧಾನ, ಯುಡಿಪಿ ಹಾಗೆ ಕಳಿಸುವುದಿಲ್ಲ. ಒಳಗೊಂದು ಟಿಸಿಪಿ, ಹೊರಗೊಂದು ಟಿಸಿಪಿ, ಒಂದು ಪ್ಯಾಕೆಟ್ ಕಳೆದರೆ ಎರಡೂ ಸೇರಿ ಮತ್ತೆ ಮತ್ತೆ ಕಳಿಸುತ್ತ ಲೈನನ್ನೇ ಜಡ ಮಾಡಿಬಿಡುತ್ತವೆ. ವಿಂಡೋಸಿನಲ್ಲೇ ಇರುವ ಐಕೆಇವಿ2 ಕೂಡ ಗಟ್ಟಿ, ಆದರೆ ಸರ್ಟಿಫಿಕೇಟುಗಳ (ಡಿಜಿಟಲ್ ಗುರುತುಪತ್ರಗಳ) ನಿರ್ವಹಣೆ ಗೊತ್ತಿದ್ದವರಿಗೆ ಮಾತ್ರ.

ಐದರಿಂದ ಐವತ್ತು ಜನರ ಆಫೀಸಿಗೆ ನನ್ನ ಆಯ್ಕೆ ವೈರ್‌ಗಾರ್ಡ್. 2020ರ ಮಾರ್ಚಿನಲ್ಲಿ ಬಂದ ಲಿನಕ್ಸ್ ಕರ್ನಲ್ 5.6ರಿಂದಲೇ ಅದು ಲಿನಕ್ಸಿನ ಭಾಗ. ಮೈಕ್ರೋಟಿಕ್‌ನ 7ನೇ ಆವೃತ್ತಿ, ಓಪನ್‌ಡಬ್ಲ್ಯೂಆರ್‌ಟಿ, ಒಪಿಎನ್‌ಸೆನ್ಸ್ ಥರದ ರೂಟರ್ ಸಾಫ್ಟ್‌ವೇರುಗಳಲ್ಲೂ ಇದೆ. ರೂಢಿಯ ಪೋರ್ಟ್ ಯುಡಿಪಿ 51820. ಇದರ ದೊಡ್ಡ ಗುಣ ಮೌನ: ಸರಿಯಾದ ಕೀ (ಸಾಧನದ ಗುರುತಾಗುವ ಉದ್ದನೆಯ ಅಕ್ಷರಸಾಲು) ಇಲ್ಲದವರು ಎಷ್ಟು ತಟ್ಟಿದರೂ ಉತ್ತರವೇ ಹೋಗುವುದಿಲ್ಲ, ಹುಡುಕುವವರಿಗೆ ಅಲ್ಲೊಂದು ಪೋರ್ಟ್ ಇದೆ ಎಂಬ ಸುಳಿವೂ ಸಿಗುವುದಿಲ್ಲ. ಕೊರತೆಯೂ ಒಂದಿದೆ. ಅದರಲ್ಲಿ ಬಳಕೆದಾರ, ಪಾಸ್‌ವರ್ಡ್, ಎರಡನೇ ಹಂತದ ಪರಿಶೀಲನೆ ಯಾವುದೂ ಇಲ್ಲ, ಬರೀ ಕೀಗಳು. ಆ ವಿಷಯ ಮುಂದೆ.

ದುಡ್ಡು ಕೊಟ್ಟು ತಂದ ವಿಪಿಎನ್ ಪೆಟ್ಟಿಗೆ ಇದೆ, ಇನ್ನೇನು ಚಿಂತೆ ಎನ್ನುವವರಿಗೆ ಒಂದು ಮಾತು. ಆ ಪೆಟ್ಟಿಗೆಯೂ ಇಂಟರ್ನೆಟ್ಟಿಗೆ ಮುಖ ಮಾಡಿದ ಕಂಪ್ಯೂಟರೇ. 2024ರ ಜನವರಿ ಕೊನೆಯಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ಇವಾಂಟಿಯ ಕನೆಕ್ಟ್ ಸೆಕ್ಯೂರ್ ಪೆಟ್ಟಿಗೆಗಳನ್ನು ಎರಡು ದಿನದೊಳಗೆ ನೆಟ್‌ವರ್ಕಿನಿಂದ ಕಳಚಿಡಿ ಎಂದು ತನ್ನ ಸರ್ಕಾರಿ ಇಲಾಖೆಗಳಿಗೆ ಆದೇಶಿಸಬೇಕಾಯಿತು. ಪೆಟ್ಟಿಗೆಯೊಳಗಿನ ಸಾಫ್ಟ್‌ವೇರಿನ (ಫರ್ಮ್‌ವೇರ್) ಅಪ್‌ಡೇಟ್ ಯಾರ ಜವಾಬ್ದಾರಿ ಎಂದು ಹೆಸರು ಬರೆದಿಡಿ.

ಹಾಕುವ ಮುಂಚೆ ನೋಡಬೇಕಾದ್ದು

ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ಎಷ್ಟಿದೆ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ನಿಮಗೆ ಸ್ವಂತ ಪಬ್ಲಿಕ್ ಐಪಿ ಇಲ್ಲ. ಸೇವೆ ಕೊಡುವವರು ಒಂದೇ ಐಪಿಯ ಹಿಂದೆ ಹಲವು ಗ್ರಾಹಕರನ್ನು ಕೂರಿಸಿದ್ದಾರೆ, ಅದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಆಗ ನೀವು ರೂಟರಿನಲ್ಲಿ ಏನು ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಒಂದು ಪ್ಯಾಕೆಟ್ಟೂ ಒಳಗೆ ಬರುವುದಿಲ್ಲ. 10 ಅಥವಾ 192.168ರಿಂದ ಶುರುವಾದರೆ ಹೆಚ್ಚಾಗಿ ಮೋಡೆಮ್ ಕೂಡ ರೂಟರಿನ ಕೆಲಸ ಮಾಡುತ್ತಿರುತ್ತದೆ. ಅದನ್ನು ಬ್ರಿಜ್ ಮೋಡಿಗೆ (ರೂಟರಿನ ಕೆಲಸ ಬಿಟ್ಟು ಬರೀ ಲೈನ್ ದಾಟಿಸುವಂತೆ) ಹಾಕಿ, ಇಲ್ಲವೇ ಎರಡೂ ಕಡೆ ಫಾರ್ವರ್ಡ್ ಮಾಡಿ. ಸಿಜಿನ್ಯಾಟ್ ಇದ್ದರೆ ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ವಿಳಾಸ) ಕೇಳಿ ಪಡೆಯುವುದು ನೇರ ದಾರಿ. ಸಿಗದಿದ್ದರೆ ಟೇಲ್‌ಸ್ಕೇಲ್, ನೆಟ್‌ಬರ್ಡ್ ಥರದವು. ಇವು ವೈರ್‌ಗಾರ್ಡನ್ನೇ ಒಳಗಿಟ್ಟುಕೊಂಡಿವೆ, ಎರಡೂ ಕಡೆಯಿಂದ ಹೊರಮುಖವಾಗಿಯೇ ಸಂಪರ್ಕ ಹೊಲಿಯುತ್ತವೆ, ಪೋರ್ಟ್ ತೆರೆಯುವ ಅಗತ್ಯವೇ ಇರುವುದಿಲ್ಲ. ನೇರ ಸಂಪರ್ಕ ಆಗದಿದ್ದಾಗ ನಡುವಿನ ರಿಲೇ ಸರ್ವರ್ ಮೂಲಕ ಹೋಗುತ್ತವೆ, ವೇಗ ಕಡಿಮೆಯಾಗುತ್ತದೆ.

ಎರಡನೆಯದು ಐಪಿ ಸರಣಿ, ಅಂದರೆ ನೆಟ್‌ವರ್ಕಿನೊಳಗಿನ ಸಾಧನಗಳಿಗೆ ಹಂಚುವ ವಿಳಾಸಗಳ ಸಾಲು. ಅತಿ ಹೆಚ್ಚು ತಲೆ ತಿನ್ನುವ ಎಡವಟ್ಟು ಇದೇ. ಆಫೀಸಿನ ನೆಟ್‌ವರ್ಕ್ 192.168.1ರ ಸರಣಿ, ಮನೆಯ ರೂಟರಿನದೂ ಅದೇ. ಟನೆಲ್ ಸರಿಯಾಗಿಯೇ ಇರುತ್ತದೆ, ಆದರೆ ಲ್ಯಾಪ್‌ಟಾಪ್ 192.168.1.10ನ್ನು ಹುಡುಕಿದಾಗ ಸರ್ವರಿನ ಬದಲು ಮನೆಯ ಟಿವಿಯೋ ಪ್ರಿಂಟರೋ ಎದುರಾಗುತ್ತದೆ. ಒಬ್ಬರಿಗೆ ಕೆಲಸ ಮಾಡುತ್ತದೆ, ಇನ್ನೊಬ್ಬರಿಗೆ ಇಲ್ಲ, ಹೋಟೆಲಿನಲ್ಲಿ ಸರಿ, ಮನೆಯಲ್ಲಿ ಕೈಕೊಡುತ್ತದೆ. ಆಫೀಸಿನ ಸರಣಿಯನ್ನೇ 10.37.84.0/24 (10.37.84ರಿಂದ ಶುರುವಾಗುವ ವಿಳಾಸಗಳು) ಥರ ಯಾರೂ ಇಟ್ಟುಕೊಳ್ಳದ ಒಂದಕ್ಕೆ ಬದಲಿಸಿ. ಪ್ರಿಂಟರುಗಳು, ಕ್ಯಾಮೆರಾ ರೆಕಾರ್ಡರ್, ಹಾಜರಿ ಯಂತ್ರ, ಕೈಯಾರೆ ಐಪಿ ಹಾಕಿದ್ದೆಲ್ಲ ಬದಲಾಗಬೇಕು, ಒಂದು ರಜೆಯ ದಿನ ಹೋಗುತ್ತದೆ. ಆದರೂ ಇದನ್ನು ಮುಂದೂಡಬೇಡಿ. ಹತ್ತು ಜನ ಹೊರಗಿನಿಂದ ಬಳಸಲು ಶುರುಮಾಡಿದ ಮೇಲೆ ಬದಲಿಸುವುದು ಇದಕ್ಕಿಂತ ದೊಡ್ಡ ಗೋಳು.

ಮೂರನೆಯದು ವೇಗ. ಆಫೀಸಿನ ಅಪ್‌ಲೋಡೇ ಮನೆಯವರ ಡೌನ್‌ಲೋಡ್. 20 ಎಂಬಿಪಿಎಸ್ ಅಪ್‌ಲೋಡ್ ಅಂದರೆ ಸೆಕೆಂಡಿಗೆ ಸುಮಾರು 2.5 ಎಂಬಿ (ಎಂಟು ಬಿಟ್ ಸೇರಿ ಒಂದು ಬೈಟ್). 500 ಎಂಬಿಯ ಡ್ರಾಯಿಂಗ್ ತರಲು 200 ಸೆಕೆಂಡ್, ಅದೂ ಒಬ್ಬರೇ ಇದ್ದಾಗ. ಐದು ಜನ ಒಟ್ಟಿಗೆ ಕೂತರೆ ಲೆಕ್ಕ ನೀವೇ ಹಾಕಿ.

ಹಾಕುವಾಗ

ವಿಪಿಎನ್ ರೂಟರಿನಲ್ಲೇ ಇರುವುದು ಒಳ್ಳೆಯದು. ಒಳಗಿನ ಬೇರೊಂದು ಲಿನಕ್ಸ್ ಯಂತ್ರದಲ್ಲಿ ಹಾಕಿದರೆ ವಾಪಸ್ ದಾರಿಯ ಸಮಸ್ಯೆ ಬರುತ್ತದೆ. ವಿಪಿಎನ್ ಬಳಕೆದಾರರಿಗೆ 10.37.90.0/24 ಸರಣಿ ಕೊಟ್ಟಿದ್ದೀರಿ ಅಂದುಕೊಳ್ಳಿ. ಅವರ ಪ್ಯಾಕೆಟ್ ಫೈಲ್ ಸರ್ವರಿಗೆ ತಲುಪುತ್ತದೆ, ಸರ್ವರ್ ಉತ್ತರವನ್ನು ತನಗೆ ಗೊತ್ತಿರುವ ಗೇಟ್‌ವೇಗೆ, ಅಂದರೆ ರೂಟರಿಗೆ ಕಳಿಸುತ್ತದೆ. ಈ 90ರ ಸರಣಿ ಎಲ್ಲಿದೆ ಎಂದು ರೂಟರಿಗೆ ಗೊತ್ತಿಲ್ಲ, ಪ್ಯಾಕೆಟ್ ಅಲ್ಲೇ ಸಾಯುತ್ತದೆ. ರೂಟರಿನಲ್ಲಿ ಸ್ಟ್ಯಾಟಿಕ್ ರೂಟ್ (90ರ ಸರಣಿಗೆ ಈ ಲಿನಕ್ಸ್ ಯಂತ್ರದ ಮೂಲಕ ಕಳಿಸು ಎಂಬ ಸೂಚನೆ) ಹಾಕಿದರೂ ಕೆಲವು ರೂಟರುಗಳು ಹೋಗುವ ಪ್ಯಾಕೆಟ್ ತಾವು ನೋಡಿಲ್ಲವೆಂದು ಬರುವ ಉತ್ತರವನ್ನು ಬಿಸಾಡುತ್ತವೆ. ಆಗ ಆ ರೂಟನ್ನು ಫೈಲ್ ಸರ್ವರಿನಲ್ಲೇ ಹಾಕಿಬಿಡಿ. ಲಿನಕ್ಸ್ ಯಂತ್ರದಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ನೆಟ್‌ವರ್ಕಿನ ಪ್ಯಾಕೆಟ್ಟನ್ನು ಇನ್ನೊಂದಕ್ಕೆ ದಾಟಿಸುವುದು) ಆನ್ ಮಾಡುವುದನ್ನೂ, ರೀಬೂಟ್ ಆದ ಮೇಲೂ ಅದು ಉಳಿದಿದೆಯೇ ಎಂದು ನೋಡುವುದನ್ನೂ ಮರೆಯಬೇಡಿ. ಮ್ಯಾಸ್ಕರೇಡ್ (ಬಳಕೆದಾರರ ವಿಳಾಸದ ಬದಲು ವಿಪಿಎನ್ ಯಂತ್ರದ ವಿಳಾಸ ತೋರಿಸುವುದು) ಹಾಕಿದರೆ ಈ ಎಲ್ಲ ತಾಪತ್ರಯ ಒಂದೇ ಸಾಲಿನಲ್ಲಿ ತಪ್ಪುತ್ತದೆ. ಆದರೆ ಆಮೇಲೆ ಸರ್ವರಿನ ದಾಖಲೆ ಪಟ್ಟಿಯಲ್ಲಿ (ಲಾಗ್) ಎಲ್ಲರೂ ಒಂದೇ ಐಪಿಯಿಂದ ಬಂದಂತೆ ಕಾಣುತ್ತದೆ, ಯಾವ ಲ್ಯಾಪ್‌ಟಾಪ್ ಎಂದು ಹುಡುಕುವ ದಿನ ಬಂದರೆ ಕೈ ಕಟ್ಟಿದಂತೆ.

ಕೀ ಒಂದೊಂದು ಸಾಧನಕ್ಕೆ ಒಂದೊಂದು, ವ್ಯಕ್ತಿಗೆ ಒಂದಲ್ಲ. ಒಂದೇ ಕಾನ್ಫಿಗ್ ಫೈಲನ್ನು (ಕೀ, ಸೆಟ್ಟಿಂಗುಗಳಿರುವ ಫೈಲ್) ಲ್ಯಾಪ್‌ಟಾಪಿಗೂ ಫೋನಿಗೂ ಹಾಕಿದರೆ ವಿಪಿಎನ್ ಸರ್ವರ್ ಯಾರಿಂದ ಕೊನೆಗೆ ಪ್ಯಾಕೆಟ್ ಬಂತೋ ಅವರಿಗೆ ಉತ್ತರ ಕಳಿಸುತ್ತದೆ. ಎರಡೂ ಸಾಧನ ಒಂದನ್ನೊಂದು ತಳ್ಳುತ್ತ, ಸಂಪರ್ಕ ಬಂದುಹೋಗಿ ಮಾಡುತ್ತಿರುತ್ತದೆ. ಕೀ ಜೋಡಿಯನ್ನು ಆ ಸಾಧನದಲ್ಲೇ ಹುಟ್ಟಿಸಿ, ಹಂಚಬಹುದಾದ ಪಬ್ಲಿಕ್ ಕೀ ಮಾತ್ರ ತರಿಸಿಕೊಳ್ಳಿ, ಗುಟ್ಟಿನ ಪ್ರೈವೇಟ್ ಕೀ ಅಲ್ಲೇ ಇರಲಿ. ಪ್ರೈವೇಟ್ ಕೀ ಇರುವ ಫೈಲನ್ನು ಮೇಲ್ ಮಾಡಿದರೆ ಅದು ಇನ್‌ಬಾಕ್ಸಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ.

ಲ್ಯಾಪ್‌ಟಾಪಿನ ಅಲೌಡ್‌ಐಪೀಸ್ (AllowedIPs, ಯಾವ ವಿಳಾಸಗಳಿಗೆ ಟನೆಲ್ ಮೂಲಕ ಹೋಗಬೇಕು) ಸಾಲಿನಲ್ಲಿ ಆಫೀಸಿನ ಸರಣಿ ಮತ್ತು ವಿಪಿಎನ್ ಸರಣಿ ಎರಡನ್ನೇ ಬರೆಯಿರಿ. ಅಲ್ಲಿ 0.0.0.0/0, ಅಂದರೆ ಎಲ್ಲ ವಿಳಾಸಗಳು, ಎಂದು ಬರೆದರೆ ಸಿನಿಮಾ, ವಿಡಿಯೋ ಕಾಲ್ ಎಲ್ಲವೂ ಆಫೀಸಿನ ಲೈನ್ ಸುತ್ತಿ ಬರುತ್ತದೆ. ವಿಂಡೋಸಿನಲ್ಲಿ ಮನೆಯ ಪ್ರಿಂಟರ್ ಕೂಡ ನಿಲ್ಲಬಹುದು, ಟನೆಲ್ ಹೊರಗಿನ ಓಡಾಟವನ್ನು ತಡೆಯುವ ಆಯ್ಕೆ ಆಗ ಜಾರಿಗೆ ಬರುತ್ತದೆ. ಮನೆ ರೂಟರಿನ ಹಿಂದಿರುವವರಿಗೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಸಂಪರ್ಕ ಸಾಯದಂತೆ ಆಗಾಗ ಕಳಿಸುವ ಪ್ಯಾಕೆಟ್) 25 ಸೆಕೆಂಡ್ ಕೊಡಿ. ಆಫೀಸಿನ ಐಪಿ ಬದಲಾಗುವಂಥದ್ದಾಗಿ ಡೈನಮಿಕ್ ಡಿಎನ್‌ಎಸ್ ಹೆಸರು (ಬದಲಾಗುವ ಐಪಿಯನ್ನು ಹಿಂಬಾಲಿಸುವ ಹೆಸರು) ಬಳಸುತ್ತಿದ್ದರೆ ಇದು ಗೊತ್ತಿರಲಿ: ವೈರ್‌ಗಾರ್ಡ್ ಆ ಹೆಸರನ್ನು ಟನೆಲ್ ಶುರುವಾಗುವಾಗ ಒಮ್ಮೆ ಮಾತ್ರ ವಿಳಾಸಕ್ಕೆ ತಿರುಗಿಸುತ್ತದೆ. ನಡುವೆ ಐಪಿ ಬದಲಾದರೆ ಟನೆಲ್ ಆಫ್ ಮಾಡಿ ಆನ್ ಮಾಡುವವರೆಗೆ ಸಂಪರ್ಕ ಸತ್ತಿರುತ್ತದೆ.

ಸಿಬ್ಬಂದಿಗೆ ಲ್ಯಾಪ್‌ಟಾಪಿನಲ್ಲಿ ಅಡ್ಮಿನ್ ಹಕ್ಕು ಕೊಟ್ಟಿಲ್ಲ ಅಂದರೆ, ಕೊಡಲೂಬಾರದು, ಅವರಿಗೆ ವಿಂಡೋಸಿನ ವೈರ್‌ಗಾರ್ಡ್ ಗುಂಡಿ ಒತ್ತಲು ಬರುವುದಿಲ್ಲ. ಅವರ ಖಾತೆಯನ್ನು ನೆಟ್‌ವರ್ಕ್ ಕಾನ್ಫಿಗರೇಶನ್ ಆಪರೇಟರ್ಸ್ ಗುಂಪಿಗೆ ಸೇರಿಸಿ, ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಸೆಟ್ಟಿಂಗುಗಳ ಸಂಗ್ರಹ) ವೈರ್‌ಗಾರ್ಡ್ ಶಾಖೆಯ ಕೆಳಗೆ ಲಿಮಿಟೆಡ್‌ಆಪರೇಟರ್‌ಯುಐ (LimitedOperatorUI) ಎಂಬ ಡಿವರ್ಡ್ (DWORD, ಸಂಖ್ಯೆಯ ನಮೂದು) ಮಾಡಿ ಬೆಲೆ 1 ಕೊಡಿ. ಟನೆಲ್ ಆನ್, ಆಫ್ ಮಾಡಬಹುದು, ಒಳಗಿನ ಕೀ ನೋಡಲಾಗದು.

ಇನ್ನು ಫೈರ್‌ವಾಲ್. ವಿಪಿಎನ್ ಒಳಗೆ ಬಂದವರಿಗೆ ಇಡೀ ಆಫೀಸ್ ನೆಟ್‌ವರ್ಕ್ ಬಿಟ್ಟುಕೊಡುವುದು ಎಲ್ಲರೂ ಮಾಡುವ ಸೋಮಾರಿತನ. 90ರ ಸರಣಿಯಿಂದ ಫೈಲ್ ಸರ್ವರಿನ 445, ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನ 53, ಯಂತ್ರ ತಲುಪುತ್ತದೆಯೇ ಎಂದು ತಟ್ಟಿ ನೋಡುವ ಪಿಂಗ್, ಇಷ್ಟಕ್ಕೆ ಅನುಮತಿ, ಉಳಿದದ್ದೆಲ್ಲ ಬಂದ್. ವಿಂಡೋಸ್ ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇದ್ದರೆ ಅದರ ಸರ್ವರಾದ ಡೊಮೇನ್ ಕಂಟ್ರೋಲರಿಗೆ ಲಾಗಿನ್‌ಗೆ ಬೇಕಾದ 88, 389 ಮುಂತಾದವು ಸೇರುತ್ತವೆ. ಕ್ಯಾಮೆರಾ, ಪ್ರಿಂಟರ್, ರೂಟರಿನ ಆಡಳಿತ ಪುಟ ಯಾವುದೂ ಮನೆಯಿಂದ ಕಾಣಬೇಕಿಲ್ಲ. ಒಂದು ಲ್ಯಾಪ್‌ಟಾಪಿಗೆ ವೈರಸ್ ಹತ್ತಿದ ದಿನ ಈ ನಾಲ್ಕು ಸಾಲಿನ ಬೆಲೆ ತಿಳಿಯುತ್ತದೆ.

ಟನೆಲ್ ಇದೆ, ಫೋಲ್ಡರ್ ತೆರೆಯುತ್ತಿಲ್ಲ

ಪರೀಕ್ಷೆಯನ್ನು ಫೋನಿನ ಹಾಟ್‌ಸ್ಪಾಟಿನಿಂದ ಮಾಡಿ. ಆಫೀಸಿನ ವೈಫೈಯಲ್ಲೇ ಕೂತು ಆಫೀಸಿನ ಪಬ್ಲಿಕ್ ಐಪಿಗೆ ಹೋಗಲು ಎಷ್ಟೋ ರೂಟರುಗಳು ಬಿಡುವುದಿಲ್ಲ, ಸರಿಯಿದ್ದದ್ದನ್ನು ಕೆಟ್ಟಿದೆ ಎಂದು ಕೆಡಿಸಿಕೊಳ್ಳುತ್ತೀರಿ.

ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ವೈರ್‌ಗಾರ್ಡ್ ಕಿಟಕಿಯಲ್ಲಿ ಕೊನೆಯ ಹ್ಯಾಂಡ್‌ಶೇಕ್ (ಎರಡೂ ಕಡೆ ಪರಸ್ಪರ ಗುರುತು ಹಿಡಿದದ್ದು) ಸಮಯ ಕಾಣುತ್ತಿಲ್ಲವಾದರೆ ಪ್ಯಾಕೆಟ್ ಆಫೀಸಿಗೆ ತಲುಪಿಯೇ ಇಲ್ಲ, ಅಥವಾ ಕೀ ಅದಲುಬದಲಾಗಿದೆ. ವಿಪಿಎನ್ ಸರ್ವರಿನಲ್ಲಿ ಲ್ಯಾಪ್‌ಟಾಪಿನ ಪಬ್ಲಿಕ್ ಕೀ, ಲ್ಯಾಪ್‌ಟಾಪಿನಲ್ಲಿ ಸರ್ವರಿನದು ಇರಬೇಕು. ಕಾಪಿ ಮಾಡುವಾಗ ತಮ್ಮದನ್ನೇ ತಮ್ಮಲ್ಲಿ ಅಂಟಿಸುವುದು ತೀರಾ ಸಾಮಾನ್ಯ. ಹ್ಯಾಂಡ್‌ಶೇಕ್ ಇದೆ, ವಿಪಿಎನ್ ಯಂತ್ರಕ್ಕೆ ಪಿಂಗ್ ಹೋಗುತ್ತದೆ, ಫೈಲ್ ಸರ್ವರಿಗೆ ಹೋಗುವುದಿಲ್ಲ: ಮೇಲೆ ಹೇಳಿದ ವಾಪಸ್ ದಾರಿ ನೋಡಿ.

ಸರ್ವರಿಗೆ ಪಿಂಗ್ ಹೋಗುತ್ತದೆ, ಫೋಲ್ಡರ್ ಮಾತ್ರ ತೆರೆಯದು. ಇದಕ್ಕೆ ಹೆಚ್ಚಿನ ಸಲ ಕಾರಣ ಫೈಲ್ ಸರ್ವರಿನ ವಿಂಡೋಸ್ ಫೈರ್‌ವಾಲ್. ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ನಿಯಮವು ಪ್ರೈವೇಟ್ ಪ್ರೊಫೈಲಿನಲ್ಲಿ ಲೋಕಲ್ ಸಬ್‌ನೆಟ್‌ಗೆ ಮಾತ್ರ ಅನುಮತಿ ಕೊಟ್ಟಿರುತ್ತದೆ. 84ರ ಸರಣಿಯವರಿಗೆ ತೆರೆಯುತ್ತದೆ, 90ರವರು ಹೊರಗಿನವರು. ಆ ನಿಯಮದ ಎಸ್‌ಎಂಬಿ-ಇನ್ ಸಾಲನ್ನು ತೆರೆದು, ಸ್ಕೋಪ್ ಟ್ಯಾಬಿನಲ್ಲಿ ರಿಮೋಟ್ ಐಪಿ ಕೆಳಗೆ 10.37.90.0/24 ಸೇರಿಸಿ. ಫೈರ್‌ವಾಲನ್ನೇ ಆಫ್ ಮಾಡಿ ಕೈತೊಳೆದುಕೊಳ್ಳಬೇಡಿ.

ಐಪಿ ಹಾಕಿದರೆ ತೆರೆಯುತ್ತದೆ, ಹೆಸರು ಹಾಕಿದರೆ ಇಲ್ಲ ಅಂದರೆ ಡಿಎನ್‌ಎಸ್. ಆಫೀಸಿನೊಳಗೆ ಬರೀ ಸರ್ವರ್ ಹೆಸರು ನಡೆಯುತ್ತಿದ್ದದ್ದು ಬ್ರಾಡ್‌ಕಾಸ್ಟ್ (ನೆಟ್‌ವರ್ಕಿನ ಎಲ್ಲರನ್ನೂ ಒಟ್ಟಿಗೆ ಕೂಗಿ ಕೇಳುವುದು) ಪುಣ್ಯದಿಂದ, ಅದು ಟನೆಲ್ ದಾಟುವುದಿಲ್ಲ. ನೆಟ್‌ವರ್ಕ್ ಐಕಾನಿನಲ್ಲಿ ಆಫೀಸಿನ ಕಂಪ್ಯೂಟರುಗಳು ಕಾಣಿಸದಿರುವುದಕ್ಕೂ ಅದೇ ಕಾರಣ, ಅದರ ಬೆನ್ನು ಹತ್ತಬೇಡಿ. ಕಾನ್ಫಿಗಿನ ಡಿಎನ್‌ಎಸ್ ಸಾಲಿನಲ್ಲಿ ಆಫೀಸ್ ಡಿಎನ್‌ಎಸ್ ಸರ್ವರಿನ ಐಪಿ ಕೊಟ್ಟು, ಸರ್ವರಿನ ಫೋಲ್ಡರನ್ನು ಲ್ಯಾಪ್‌ಟಾಪಿಗೆ ಡ್ರೈವಾಗಿ ಜೋಡಿಸುವಾಗ (ಮ್ಯಾಪ್) ಡೊಮೇನ್ ಸಮೇತ ಪೂರ್ತಿ ಹೆಸರು ಬಳಸಿ. ಅಂದ ಹಾಗೆ, ಒಳಗಿನ ಡೊಮೇನಿಗೆ ಡಾಟ್ ಲೋಕಲ್ ಎಂದು ಹೆಸರಿಟ್ಟಿದ್ದರೆ ಮ್ಯಾಕ್ ಬಳಸುವವರಿಂದ ದೂರು ಬರುತ್ತಲೇ ಇರುತ್ತದೆ. ಆ ಹೆಸರನ್ನು ಮ್ಯಾಕ್ ಬೇರೆ ವಿಧಾನದಲ್ಲಿ, ಪಕ್ಕದ ಸಾಧನಗಳನ್ನೇ ಕೇಳಿ ಹುಡುಕುತ್ತದೆ.

ಎಲ್ಲಕ್ಕಿಂತ ದಾರಿ ತಪ್ಪಿಸುವುದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಫೋಲ್ಡರ್ ತೆರೆಯುತ್ತದೆ, ಪಟ್ಟಿ ಕಾಣುತ್ತದೆ, ಚಿಕ್ಕ ಟೆಕ್ಸ್ಟ್ ಫೈಲ್ ಬರುತ್ತದೆ, ದೊಡ್ಡದನ್ನು ಕಾಪಿ ಮಾಡಲು ಹೋದರೆ ಹಸಿರು ಗೆರೆ ಅಲ್ಲೇ ನಿಂತುಬಿಡುತ್ತದೆ. ಈಥರ್ನೆಟ್‌ನ 1500 ಬೈಟಿನಲ್ಲಿ ವೈರ್‌ಗಾರ್ಡಿನ ಹೊದಿಕೆಗೆ 80 ಹೋಗಿ 1420 ಉಳಿಯುತ್ತದೆ, ರೂಢಿಯ ಎಂಟಿಯು ಅದೇ. ನಡುವೆ ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಹಾಕಿ ಲಾಗಿನ್ ಆಗುವ ಬ್ರಾಡ್‌ಬ್ಯಾಂಡ್) ಸಂಪರ್ಕವಿದ್ದರೆ ಇನ್ನೂ 8 ಹೋಗುತ್ತದೆ. ಮೊಬೈಲ್ ನೆಟ್‌ವರ್ಕ್ ಇನ್ನಷ್ಟು ಕಡಿಯಬಹುದು. ತುಂಡು ಮಾಡಬೇಡ ಎಂಬ ಆಯ್ಕೆ ಕೊಟ್ಟು 1392 ಬೈಟಿನ ಪಿಂಗ್ ಕಳಿಸಿ, ಉತ್ತರ ಬರುವವರೆಗೆ ಇಳಿಸುತ್ತ ಬನ್ನಿ. ಬಂದ ಗಾತ್ರಕ್ಕೆ ಪಿಂಗಿನ ಸ್ವಂತ ಹೊದಿಕೆಯ 28 ಕೂಡಿಸಿದರೆ ಎಂಟಿಯು. ಅಷ್ಟು ತಾಳ್ಮೆ ಇಲ್ಲದಿದ್ದರೆ ನೇರ 1280 ಹಾಕಿ ನೋಡಿ. ಸರಿಹೋದರೆ ರೋಗ ಇದೇ ಎಂದಾಯಿತು.

ಡ್ರೈವಿನ ಮೇಲೆ ಕೆಂಪು ಗುರುತು ಬಂದಿದ್ದರೆ ಗಾಬರಿ ಬೇಡ. ಟನೆಲ್ ಏಳುವ ಮುಂಚೆ ವಿಂಡೋಸ್ ಡ್ರೈವನ್ನು ಹುಡುಕಿ ಸೋತಿದೆ. ಎರಡು ಸಲ ಕ್ಲಿಕ್ ಮಾಡಿದರೆ ಬರುತ್ತದೆ. ಲಾಗಿನ್ನೇ ಆಗುತ್ತಿಲ್ಲ, ಪಾಸ್‌ವರ್ಡ್ ಸರಿಯಿದೆ ಅಂದರೆ ಲ್ಯಾಪ್‌ಟಾಪಿನ ಗಡಿಯಾರ ನೋಡಿ. ಡೊಮೇನಿನ ಲಾಗಿನ್ ವಿಧಾನವಾದ ಕರ್ಬರೋಸ್ ರೂಢಿಯಲ್ಲಿ 5 ನಿಮಿಷದ ವ್ಯತ್ಯಾಸ ಮಾತ್ರ ಸಹಿಸುತ್ತದೆ.

"ಸರ್, ತುಂಬಾ ಸ್ಲೋ"

ಈ ದೂರು ಬಂದೇ ಬರುತ್ತದೆ, ಮತ್ತು ಇದಕ್ಕೆ ದೊಡ್ಡ ಇಂಟರ್ನೆಟ್ ಪ್ಲಾನ್ ತೆಗೆದುಕೊಂಡರೆ ಅರ್ಧದಷ್ಟೂ ಪರಿಹಾರ ಸಿಗುವುದಿಲ್ಲ. ಎಸ್‌ಎಂಬಿ ಮಾತುಗಾರ ಪ್ರೊಟೊಕಾಲ್. ಫೈಲ್ ಇದೆಯೇ, ತೆರೆಯಲೇ, ಹಕ್ಕಿದೆಯೇ, ಇಷ್ಟು ಓದಲೇ ಎಂದು ಒಂದೊಂದಕ್ಕೂ ಕೇಳಿ ಉತ್ತರಕ್ಕೆ ಕಾಯುತ್ತದೆ. ಒಂದು ಪ್ರೋಗ್ರಾಂ ಫೈಲ್ ತೆರೆಯಲು ಒಂದರ ಹಿಂದೊಂದು 300 ಸಲ ಹೀಗೆ ಕೇಳುತ್ತದೆ ಅನ್ನಿ. ಆಫೀಸಿನೊಳಗೆ ಹೋಗಿಬರಲು ಅರ್ಧ ಮಿಲಿಸೆಕೆಂಡ್, ಒಟ್ಟು 0.15 ಸೆಕೆಂಡ್. ಮನೆಯಿಂದ 40 ಮಿಲಿಸೆಕೆಂಡ್, ಒಟ್ಟು 12 ಸೆಕೆಂಡ್. ಲೈನ್ 100 ಎಂಬಿಪಿಎಸ್ ಇದ್ದರೂ ಅಷ್ಟೇ, ಸಾವಿರ ಎಂಬಿಪಿಎಸ್ ಇದ್ದರೂ ಅಷ್ಟೇ.

ಆದ್ದರಿಂದ ಕೆಲಸವನ್ನು ವಿಂಗಡಿಸಬೇಕು. ವರ್ಡ್, ಎಕ್ಸೆಲ್, ಪಿಡಿಎಫ್ ಟನೆಲ್ ಮೇಲೆ ನಡೆಯುತ್ತವೆ. ಸಾವಿರಾರು ಫೈಲಿರುವ ಫೋಲ್ಡರಿನಲ್ಲಿ ಥಂಬ್‌ನೇಲ್ ನೋಟ ಇಟ್ಟುಕೊಂಡರೆ ಪ್ರತಿ ಫೈಲನ್ನೂ ಇಣುಕಿ ನೋಡುತ್ತದೆ, ಅದನ್ನು ಲಿಸ್ಟ್ ನೋಟಕ್ಕೆ ಬದಲಿಸಿ. ದೊಡ್ಡ ಡ್ರಾಯಿಂಗ್, ವಿಡಿಯೋ ಆದರೆ ಲ್ಯಾಪ್‌ಟಾಪಿಗೆ ಕಾಪಿ ಮಾಡಿ ಕೆಲಸ ಮುಗಿಸಿ ವಾಪಸ್ ಹಾಕುವುದು.

ಫೈಲ್ ರೂಪದಲ್ಲೇ ಡೇಟಾಬೇಸ್ ಇಟ್ಟುಕೊಳ್ಳುವ ಲೆಕ್ಕಪತ್ರದ ಸಾಫ್ಟ್‌ವೇರುಗಳನ್ನೂ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲುಗಳನ್ನೂ ವಿಪಿಎನ್ ಮೇಲಿಂದ ತೆರೆಯಲೇಬೇಡಿ. ನಿಧಾನವಾಗುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬರೆಯುವ ನಡುವೆ ವೈಫೈ ಒಂದು ಸೆಕೆಂಡ್ ತಪ್ಪಿದರೆ ಅರ್ಧ ಬರೆದ ಡೇಟಾ ಉಳಿದು ಇಡೀ ಫೈಲ್ ಕೆಡುತ್ತದೆ. ಅಂಥವರಿಗೆ ಟನೆಲ್ ಒಳಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಕೊಡಿ, ಮೇಲಿನ ಫೈರ್‌ವಾಲ್ ಪಟ್ಟಿಗೆ ಅವರಿಗಾಗಿ 3389 ಸೇರಿಸಿ. ಪ್ರೋಗ್ರಾಂ ಆಫೀಸಿನ ಯಂತ್ರದಲ್ಲೇ ಓಡುತ್ತದೆ, ಮನೆಗೆ ಬರುವುದು ಪರದೆಯ ಚಿತ್ರ ಮಾತ್ರ. ಲೈನ್ ತಪ್ಪಿದರೂ ಕೆಲಸ ಅಲ್ಲಿ ಹಾಗೇ ಇರುತ್ತದೆ.

ಲೈನ್ ತಪ್ಪಿದಾಗ ಎಕ್ಸೆಲ್ ಫೈಲಿನ ಬೀಗ ಮಾತ್ರ ಸರ್ವರಿನಲ್ಲಿ ಉಳಿಯುವುದುಂಟು. ಆಮೇಲೆ ತೆರೆದರೆ ಬೇರೆಯವರು ಬಳಸುತ್ತಿದ್ದಾರೆ ಎಂದು ಅವರದೇ ಹೆಸರನ್ನು ತೋರಿಸುತ್ತದೆ. ಸರ್ವರಿನ ಕಂಪ್ಯೂಟರ್ ಮ್ಯಾನೇಜ್‌ಮೆಂಟಿನಲ್ಲಿ ಶೇರ್ಡ್ ಫೋಲ್ಡರ್ಸ್ ಕೆಳಗೆ ಓಪನ್ ಫೈಲ್ಸ್ ತೆಗೆದು ಆ ಒಂದು ಸಾಲನ್ನು ಮುಚ್ಚಿದರೆ ಸಾಕು. ಸರ್ವರ್ ರೀಸ್ಟಾರ್ಟ್ ಮಾಡಬೇಕಿಲ್ಲ.

ಬಹುಪಾಲು ಕೆಲಸ ಆಫೀಸ್ ದಾಖಲೆಗಳೇ ಆಗಿದ್ದು, ಎಲ್ಲರೂ ಹೊರಗೇ ಇರುವುದಾದರೆ ವಿಪಿಎನ್ ಹಠ ಹಿಡಿಯಬೇಡಿ. ಶೇರ್‌ಪಾಯಿಂಟ್, ಗೂಗಲ್ ಡ್ರೈವ್ ಅಥವಾ ಸ್ವಂತ ಸರ್ವರಿನಲ್ಲಿ ನಡೆಸುವ ನೆಕ್ಸ್ಟ್‌ಕ್ಲೌಡ್ ಅವರಿಗೆ ವಾಸಿ. ವಿಂಡೋಸ್ ಸರ್ವರ್ 2025 ಇರುವವರಿಗೆ ಎಸ್‌ಎಂಬಿಯನ್ನೇ ಕ್ವಿಕ್ (QUIC, ಎನ್‌ಕ್ರಿಪ್ಟ್ ಆದ ಸಾಗಣೆ ವಿಧಾನ) ಮೇಲೆ, ಯುಡಿಪಿ 443ರಲ್ಲಿ ಓಡಿಸುವ ದಾರಿಯೂ ಇದೆ. ವಿಪಿಎನ್ ಬೇಡ, ಆದರೆ ಸರ್ಟಿಫಿಕೇಟ್ ಬೇಕು.

ಒಳಗೆ ಬಂದವರು ಯಾರು, ಏನು ಮಾಡಬಲ್ಲರು

ವೈರ್‌ಗಾರ್ಡ್ ಕೀ ಗುರುತಿಸುವುದು ಲ್ಯಾಪ್‌ಟಾಪನ್ನು, ಮುಂದೆ ಕೂತವರನ್ನಲ್ಲ. ಲ್ಯಾಪ್‌ಟಾಪ್ ಕಳೆದರೆ ಟನೆಲ್ ಸಮೇತ ಕಳೆದಂತೆ. ಆದ್ದರಿಂದ ಡಿಸ್ಕ್ ಎನ್‌ಕ್ರಿಪ್ಷನ್ ಕಡ್ಡಾಯ: ವಿಂಡೋಸಿನಲ್ಲಿ ಬಿಟ್‌ಲಾಕರ್, ಮ್ಯಾಕಿನಲ್ಲಿ ಫೈಲ್‌ವಾಲ್ಟ್. ಬಿಟ್‌ಲಾಕರಿನ 48 ಅಂಕಿಯ ರಿಕವರಿ ಕೀಯನ್ನು ಆಫೀಸಿನಲ್ಲಿ ಇಟ್ಟುಕೊಳ್ಳಿ. ಎರಡನೇ ಹಂತದ ಪರಿಶೀಲನೆ ಬೇಕೇ ಬೇಕು ಅಂದರೆ, ನನ್ನ ಪ್ರಕಾರ ಹತ್ತು ಜನ ದಾಟಿದ ಮೇಲೆ ಬೇಕೇ ಬೇಕು, ಓಪನ್‌ವಿಪಿಎನ್ ಜೊತೆ ಕೋಡ್, ಅಥವಾ ಕಂಪನಿಯ ಮೇಲ್ ಖಾತೆಯಿಂದಲೇ ಲಾಗಿನ್ ಕೇಳುವ ಟೇಲ್‌ಸ್ಕೇಲ್, ನೆಟ್‌ಬರ್ಡ್. ಬರೀ ಒಪ್ಪಿಗೆ ಒತ್ತುವ ನೋಟಿಫಿಕೇಶನ್ ಇಡಬೇಡಿ. 2022ರ ಸೆಪ್ಟೆಂಬರಿನಲ್ಲಿ ಊಬರ್ ಒಳಗೆ ದಾಳಿಕೋರ ನುಗ್ಗಿದ್ದು, ಒಬ್ಬ ಗುತ್ತಿಗೆದಾರರ ಫೋನಿಗೆ ಬಿಡದೆ ಒಪ್ಪಿಗೆ ಕೇಳಿ ಕೇಳಿ ಕೊನೆಗೆ ಅವರು ಒತ್ತಿದ್ದರಿಂದ. ಪರದೆಯ ನಂಬರನ್ನು ಟೈಪ್ ಮಾಡಿಸುವ ವಿಧಾನ ಇದಕ್ಕಿಂತ ಮೇಲು.

ಫೋಲ್ಡರ್ ಹಕ್ಕುಗಳನ್ನು ಈ ನೆಪದಲ್ಲಾದರೂ ಸರಿಮಾಡಿ. ಎವರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಟ ಶೇರ್ ಒಂದು ಇದ್ದೇ ಇರುತ್ತದೆ. ಶೇರ್ ಹಕ್ಕು (ನೆಟ್‌ವರ್ಕಿನಿಂದ ಬಂದವರಿಗೆ), ಎನ್‌ಟಿಎಫ್‌ಎಸ್ ಹಕ್ಕು (ಡಿಸ್ಕಿನ ಫೈಲ್, ಫೋಲ್ಡರುಗಳ ಮೇಲೆ) ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಶೇರ್‌ನಲ್ಲಿ ಲಾಗಿನ್ ಆದವರಿಗೆ ಚೇಂಜ್ ಎಂದಿಟ್ಟು, ನಿಜವಾದ ವಿಂಗಡಣೆಯನ್ನು ಎನ್‌ಟಿಎಫ್‌ಎಸ್‌ನಲ್ಲಿ ಗುಂಪುಗಳ ಮೂಲಕ ಮಾಡಿ: ಲೆಕ್ಕ ವಿಭಾಗ, ವಿನ್ಯಾಸ, ಮಾನವ ಸಂಪನ್ಮೂಲ. ವ್ಯಕ್ತಿಯ ಹೆಸರಿಗೆ ನೇರ ಹಕ್ಕು ಕೊಟ್ಟರೆ ಎರಡು ವರ್ಷದ ಮೇಲೆ ಆ ಪಟ್ಟಿ ಯಾರಿಗೂ ಅರ್ಥವಾಗುವುದಿಲ್ಲ.

ಏಕೆಂದರೆ ಮನೆಯ ಲ್ಯಾಪ್‌ಟಾಪಿಗೆ ಬಂದ ರ‍್ಯಾನ್ಸಮ್‌ವೇರ್ ಆ ಬಳಕೆದಾರ ಬರೆಯಬಲ್ಲ ಪ್ರತಿ ಫೈಲನ್ನೂ ಮ್ಯಾಪ್ ಆದ ಡ್ರೈವಿನ ಮೂಲಕವೇ ಎನ್‌ಕ್ರಿಪ್ಟ್ ಮಾಡುತ್ತದೆ. ಟನೆಲ್ ಅದನ್ನೂ ಸುರಕ್ಷಿತವಾಗಿ ಸಾಗಿಸುತ್ತದೆ! ಫೈಲುಗಳ ಹಿಂದಿನ ಸ್ಥಿತಿಯನ್ನು ಉಳಿಸಿಡುವ ಶ್ಯಾಡೋ ಕಾಪಿಯನ್ನು ಸರ್ವರಿನಲ್ಲಿ ಅಥವಾ ಅದೇ ಥರ ನ್ಯಾಸ್‌ನಲ್ಲಿ ಸ್ನ್ಯಾಪ್‌ಶಾಟ್ ಹಾಕಿಡಿ. ಸರ್ವರಿನಲ್ಲಿ ಅಡ್ಮಿನ್ ಅಲ್ಲದ ಬಳಕೆದಾರನ ಲ್ಯಾಪ್‌ಟಾಪಿನಿಂದ ಅದನ್ನು ಅಳಿಸಲಾಗದು. ವಿಂಡೋಸಿನ ರೂಢಿಯ ವೇಳೆ ಕೆಲಸದ ದಿನಗಳಲ್ಲಿ ಬೆಳಗ್ಗೆ 7 ಮತ್ತು ಮಧ್ಯಾಹ್ನ 12, ಸಂಜೆ ಕೆಟ್ಟರೆ ಅರ್ಧ ದಿನದ ಕೆಲಸ ಹೋಯಿತು. ಎರಡು ಗಂಟೆಗೊಂದು ಮಾಡಿ. ಒಂದು ಡ್ರೈವಿಗೆ ಗರಿಷ್ಠ 64 ಶ್ಯಾಡೋ ಕಾಪಿ ಎಂಬುದು ಲೆಕ್ಕದಲ್ಲಿರಲಿ. ಇದು ಬ್ಯಾಕಪ್ ಅಲ್ಲ, ಡಿಸ್ಕ್ ಸುಟ್ಟರೆ ಇದೂ ಹೋಗುತ್ತದೆ. ಬೇರೆಡೆ ಒಂದು ಪ್ರತಿ ಇರಲೇಬೇಕು.

ಸ್ವಂತ ಕಂಪ್ಯೂಟರಿನಿಂದ ಕೆಲಸ ಮಾಡುತ್ತೇನೆ ಎನ್ನುವವರಿಗೆ 445 ಕೊಡಬೇಡಿ. ರಿಮೋಟ್ ಡೆಸ್ಕ್‌ಟಾಪ್ ಮಾತ್ರ, ಅದರಲ್ಲೂ ಕ್ಲಿಪ್‌ಬೋರ್ಡ್ ಮತ್ತು ಡ್ರೈವ್ ಹಂಚಿಕೆ ಎರಡನ್ನೂ ಗ್ರೂಪ್ ಪಾಲಿಸಿಯಿಂದ (ವಿಂಡೋಸಿನ ಆಡಳಿತ ಸೆಟ್ಟಿಂಗುಗಳು) ಬಂದ್ ಮಾಡಿ.

ಕೊನೆಗೆ, ಕೆಲಸ ಬಿಟ್ಟವರ ಖಾತೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಕೊಲೊನಿಯಲ್ ಪೈಪ್‌ಲೈನ್ ತನ್ನ ಇಂಧನ ಸಾಗಣೆಯನ್ನೇ ನಿಲ್ಲಿಸಬೇಕಾಯಿತು. ದಾಳಿಕೋರರು ಬಂದದ್ದು ಬಳಕೆಯಲ್ಲಿಲ್ಲದ, ಎರಡನೇ ಹಂತದ ಪರಿಶೀಲನೆ ಇಲ್ಲದ ಒಂದು ಹಳೆಯ ವಿಪಿಎನ್ ಖಾತೆಯಿಂದ. ವೈರ್‌ಗಾರ್ಡಿನಲ್ಲಿ ಇದನ್ನು ಹಿಡಿಯುವುದು ಸುಲಭ: ತಿಂಗಳಿಗೊಮ್ಮೆ ವಿಪಿಎನ್ ಸರ್ವರಿನ ಪೀರ್ ಪಟ್ಟಿ (ಕೀ ಸೇರಿಸಿದ ಸಾಧನಗಳ ಪಟ್ಟಿ) ತೆಗೆದು ಕೊನೆಯ ಹ್ಯಾಂಡ್‌ಶೇಕ್ ನೋಡಿ. ಆ ಸಮಯ ಸರ್ವರ್ ರೀಬೂಟ್ ಆದರೆ ಅಳಿಸಿಹೋಗುತ್ತದೆ, ಹಾಗಾಗಿ ದಿನಕ್ಕೊಮ್ಮೆ ಫೈಲಿಗೆ ಬರೆದಿಡುವ ಚಿಕ್ಕ ಸ್ಕ್ರಿಪ್ಟ್ ಒಳ್ಳೆಯದು. ಪ್ರತಿ ಪೀರ್ ಮೇಲೆ ಕಾಮೆಂಟಿನಲ್ಲಿ ಹೆಸರು, ಸಾಧನ, ಕೊಟ್ಟ ದಿನಾಂಕ ಬರೆದಿರಬೇಕು, ಇಲ್ಲದಿದ್ದರೆ 44 ಅಕ್ಷರದ ಕೀ ನೋಡಿ ಯಾರದೆಂದು ಹೇಳುವವರಿಲ್ಲ. ಯಾರಾದರೂ ಬಿಟ್ಟ ದಿನ ಪೀರ್ ಅಳಿಸಿ, ಬಳಕೆದಾರ ಖಾತೆ ನಿಲ್ಲಿಸಿ, ಸರ್ವರಿನಲ್ಲಿ ಅವರ ಹೆಸರಿನ ತೆರೆದ ಸೆಷನ್ ಮುಚ್ಚಿ. ಅವರಿಗೆ ನ್ಯಾಸ್‌ನ ಅಡ್ಮಿನ್ ಪಾಸ್‌ವರ್ಡೋ ವೈಫೈ ಪಾಸ್‌ವರ್ಡೋ ಗೊತ್ತಿದ್ದರೆ ಅದನ್ನೂ ಅಂದೇ ಬದಲಿಸಿ. ಕಾನ್ಫಿಗ್ ಫೈಲಿನಿಂದ ಪೀರ್ ಅಳಿಸಿದ ಮೇಲೆ ಓಡುತ್ತಿರುವ ಇಂಟರ್‌ಫೇಸಿಗೂ ಅದನ್ನು ಅನ್ವಯಿಸಿ. ಬರೀ ಫೈಲ್ ತಿದ್ದಿ ಸೇವ್ ಮಾಡಿದರೆ ಮುಂದಿನ ರೀಸ್ಟಾರ್ಟ್‌ವರೆಗೆ ಆ ಕೀ ಕೆಲಸ ಮಾಡುತ್ತಲೇ ಇರುತ್ತದೆ.